ಸೌಟು ಬೇಕೋ, ಸಟ್ಟುಗ ಬೇಕೋ: ಹೆಂಗಸರು ಗಾಲ್ಫ್ ವೆಡ್ಜ್ ಆರಿಸುವಾಗ

ನನ್ನ ಬ್ಯಾಗಿಗೆ ಬಂದ ಮೊದಲ ವೆಡ್ಜ್, ಅಂದರೆ ಹತ್ತಿರದ ದೂರಕ್ಕೆ ಚೆಂಡನ್ನು ಎತ್ತಿ ಹೊಡೆಯುವ ಕೋಲು, ನಾನು ಕೊಂಡದ್ದಲ್ಲ. ಯಜಮಾನರು ಹೊಸ ಸೆಟ್ ತಂದಾಗ ಅವರ ಹಳೆಯ 60 ಡಿಗ್ರಿಯ ಲಾಬ್ ವೆಡ್ಜ್ ನನ್ನ ಪಾಲಿಗೆ ಬಂತು. ಈ ಡಿಗ್ರಿ ಅಂದರೆ ಲಾಫ್ಟ್, ಮುಖ ಎಷ್ಟು ಹಿಂದಕ್ಕೆ ವಾಲಿದೆ ಎಂಬ ಲೆಕ್ಕ. ಸ್ಟೀಲ್ ಶಾಫ್ಟ್ (ಕೋಲಿನ ದಂಡ), ದಪ್ಪ ಗ್ರಿಪ್ (ಹಿಡಿ). ನನ್ನ ಎತ್ತರ ಐದಡಿ ಒಂದಿಂಚು. ಹಾರೆ ಹಿಡಿದ ಹಾಗಿತ್ತು. ಎರಡು ವರ್ಷ ಅದನ್ನೇ ಬೀಸಿ ಬಂಕರ್‌ಗಳ ಮರಳಿನಲ್ಲಿ ಗುಂಡಿ ತೋಡಿದೆ. ನಿಲ್ಲುವ ರೀತಿ ಬದಲಾಯಿಸಿದೆ, ಚೆಂಡಿನ ಜಾಗ ಬದಲಾಯಿಸಿದೆ. ಏನೂ ಆಗಲಿಲ್ಲ. ಕೊನೆಗೆ ಬ್ಯಾಗ್ ಹೊರುವ ಒಬ್ಬ ಹಿರಿಯ ಕ್ಯಾಡಿ ಅದನ್ನು ತಲೆಕೆಳಗು ಮಾಡಿ, ತಳ ಸವರಿ ನೋಡಿ ಹೇಳಿದರು: "ಮೇಡಂ, ಇದು ಗುದ್ದಲಿ. ಅಗೆಯೋದೇ ಇದರ ಕೆಲಸ. ನೀವೇನು ಮಾಡ್ತೀರಿ ಪಾಪ."

ಆಮೇಲೆ ಗೆಳತಿಯರ ಬ್ಯಾಗಿನಿಂದ ಎರವಲು ಪಡೆದು ಐದಾರು ಬಗೆಯ ವೆಡ್ಜ್ ಹೊಡೆದು ನೋಡಿದೆ. ಅದರಿಂದ ನನಗೆ ಗಟ್ಟಿಯಾದ ಮಾತು ಒಂದೇ: ಮೊದಲು ತಳ ನೋಡಿ, ಆಮೇಲೆ ಶಾಫ್ಟ್, ಆಮೇಲೆ ಡಿಗ್ರಿ. ಬ್ರ್ಯಾಂಡ್ ಕಡೆಗೆ. ಅಂಗಡಿಯಲ್ಲಿ ಇದು ಪೂರ್ತಿ ಉಲ್ಟಾ ನಡೆಯುತ್ತದೆ. ಮೊದಲು ಬ್ರ್ಯಾಂಡ್ ತೋರಿಸುತ್ತಾರೆ, ಆಮೇಲೆ "56 ಬೇಕಾ, 60 ಬೇಕಾ" ಎಂದು ಕೇಳುತ್ತಾರೆ. ತಳದ ಮಾತು ಬರುವುದೇ ಇಲ್ಲ.

ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾ ಎಂದರೆ, ಹೌದು, ನಾವು ಕೆಡಿಸಿಕೊಳ್ಳಬೇಕು. 320 ಗಜದ ಒಂದು ಪಾರ್ 4, ಅಂದರೆ ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್ ತಗೊಳ್ಳಿ. ನನ್ನ ಡ್ರೈವ್ (ಮೊದಲ ಹೊಡೆತ) 140 ಗಜ, ಮುಂದಿನ ಹೊಡೆತ 120. ಇನ್ನೂ 60 ಗಜ ಉಳಿಯಿತು. ಹೆಚ್ಚಿನ ಹೋಲ್‌ಗಳಲ್ಲಿ ನನ್ನ ಕತೆ ಇದೇ. ಗಂಡಸರಿಗೆ ವೆಡ್ಜ್ ಆಗಾಗ ಬೇಕಾಗುವ ವಸ್ತು, ನಮಗೆ ಹೋಲಿಗೊಂದು ಸಲ ಕೈಗೆ ಬರುವ ವಸ್ತು. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದದ್ದು ನೆನಪಿದೆಯಲ್ಲ? ಒಂದೇ ಒಂದು ಹೊಡೆತದಲ್ಲಿ ಕಂಚು ತಪ್ಪಿತು. ಡ್ರೈವ್ ದೂರದಲ್ಲಿ ಅವರು ಬೇರೆಯವರಿಗಿಂತ ತುಂಬ ಹಿಂದಿದ್ದರು. ಆ ಕೊರತೆಯನ್ನು ಗ್ರೀನ್ (ಗುಳಿಯ ಸುತ್ತಿನ ನುಣುಪು ಹುಲ್ಲು) ಹತ್ತಿರದ ಆಟದಲ್ಲಿ, ಚೆಂಡು ಉರುಳಿಸುವ ಪಟರ್‌ನಲ್ಲಿ ತುಂಬಿಸಿಕೊಂಡರು. ನಮ್ಮ ಆಟ ಅವರ ಆಟವಲ್ಲ, ನಿಜ. ಆದರೆ ಲೆಕ್ಕ ಅದೇ.

ತಳದ ವಿಚಾರ

ವೆಡ್ಜನ್ನು ಚೆಂಡಿನ ಹಿಂದೆ ನೆಲಕ್ಕಿಟ್ಟು ಪಕ್ಕದಿಂದ ನೋಡಿ. ಮುಂದಿನ ಅಂಚು ನೆಲದಿಂದ ಸ್ವಲ್ಪ ಮೇಲಿರುತ್ತದೆ. ತಳದ ಹಿಂಭಾಗ ಕೆಳಗಿರುತ್ತದೆ. ಆ ಇಳಿಜಾರಿನ ಕೋನಕ್ಕೆ ಬೌನ್ಸ್ ಅನ್ನುತ್ತಾರೆ. 4ರಿಂದ 6 ಡಿಗ್ರಿ ಇದ್ದರೆ ಕಡಿಮೆ ಬೌನ್ಸ್, 7ರಿಂದ 10 ಮಧ್ಯಮ, ಅದಕ್ಕೂ ಮೇಲೆ ಹೋದರೆ ಜಾಸ್ತಿ.

ನನಗೆ ಇದು ಅರ್ಥವಾದದ್ದು ಅಡುಗೆಮನೆಯಲ್ಲಿ. ದೋಸೆ ಹುಯ್ಯುವಾಗ ಹಿಟ್ಟನ್ನು ಸೌಟಿನ ತಳದಿಂದ ಹರಡುತ್ತೀವಿ. ತಳ ಗುಂಡಗಿರುವುದರಿಂದ ಹಿಟ್ಟಿನ ಮೇಲೆ ಜಾರಿಕೊಂಡು ಹೋಗುತ್ತದೆ. ಅದೇ ಕೆಲಸವನ್ನು ದೋಸೆ ಮಗುಚುವ ಚಪ್ಪಟೆ ಸಟ್ಟುಗದಿಂದ ಮಾಡಿ ನೋಡಿ, ಹಿಟ್ಟೆಲ್ಲ ಕಿತ್ತು ಬರುತ್ತದೆ. ಆದರೆ ಬೆಂದ ದೋಸೆಯನ್ನು ಕಾವಲಿಯಿಂದ ಎಬ್ಬಿಸಬೇಕಾದಾಗ ಸೌಟು ಪ್ರಯೋಜನಕ್ಕಿಲ್ಲ. ಆಗ ಅಡಿಗೆ ನುಗ್ಗುವ ತೆಳು ಅಂಚು ಬೇಕು. ಮರಳು, ಮೆತ್ತನೆಯ ಮಣ್ಣು, ಉದ್ದ ಹುಲ್ಲು ಇವೆಲ್ಲ ಹಿಟ್ಟಿನ ಹಾಗೆ: ಸೌಟು ಬೇಕು, ಅಂದರೆ ಜಾಸ್ತಿ ಬೌನ್ಸ್. ಗಟ್ಟಿ ನೆಲ, ಹುಲ್ಲು ಸವೆದ ಜಾಗ ಕಾವಲಿಯ ಹಾಗೆ: ಅಲ್ಲಿ ಸಟ್ಟುಗ, ಅಂದರೆ ಕಡಿಮೆ ಬೌನ್ಸ್.

ಬೌನ್ಸ್ ಅಂಕಿ ಒಂದನ್ನೇ ನೋಡಿದರೂ ಸಾಲದು. ತಳದ ಅಗಲವೂ ಸೇರಬೇಕು. 8 ಡಿಗ್ರಿ ಬೌನ್ಸ್ ಇರುವ ಅಗಲ ತಳದ ವೆಡ್ಜ್, 12 ಡಿಗ್ರಿಯ ಕಿರಿದಾದ ತಳದಷ್ಟೇ ಸಲೀಸಾಗಿ ಮರಳಿನ ಮೇಲೆ ಜಾರಬಹುದು. ಇನ್ನು ಗ್ರೈಂಡ್ ಅಂತ ಒಂದಿದೆ. ತಳದ ಹಿಮ್ಮಡಿ (ಶಾಫ್ಟ್ ಸೇರುವ ಬದಿ) ಕಡೆ, ಹಿಂಭಾಗದಲ್ಲಿ ಲೋಹ ಉಜ್ಜಿ ತೆಗೆದಿರುತ್ತಾರೆ. ಮುಖ ತೆರೆದು, ಅಂದರೆ ವೆಡ್ಜಿನ ಮುಖವನ್ನು ಆಕಾಶದ ಕಡೆ ತಿರುಗಿಸಿ ಹೊಡೆಯುವವರಿಗೆ ಅದರಿಂದ ಅನುಕೂಲ. ನೀವು ಮುಖ ತೆರೆದು ಹೊಡೆಯುವವರಲ್ಲದಿದ್ದರೆ ಗ್ರೈಂಡ್ ಬಗ್ಗೆ ನಿದ್ದೆ ಕೆಡಿಸಿಕೊಳ್ಳಬೇಡಿ.

ಮರಳಿನಿಂದ ಹೊಡೆಯುವ ಸ್ಯಾಂಡ್ ವೆಡ್ಜ್ ಹುಟ್ಟಿದ್ದೇ ಈ ತಳದಿಂದ. ಮೊದಲು ಬಂಕರಿನಲ್ಲೂ ತೆಳು ಅಂಚಿನ ನಿಬ್ಲಿಕ್ ಎಂಬ ಹಳೆಯ ಕೋಲಿನಿಂದಲೇ ಹೊಡೆಯುತ್ತಿದ್ದರು. ಅಮೆರಿಕದ ಆಟಗಾರ ಜೀನ್ ಸರಾಜೆನ್ ಅದರ ತಳಕ್ಕೆ ಸೀಸ ಬೆಸೆದು, ಹಿಂಭಾಗ ಕೆಳಗಿರುವಂತೆ ತಿದ್ದಿದರು. 1932ರಲ್ಲಿ ಇಂಗ್ಲೆಂಡಿನ ಪ್ರಿನ್ಸಸ್ ಕೋರ್ಸ್‌ನಲ್ಲಿ ಅದನ್ನು ಹಿಡಿದು ಬ್ರಿಟಿಷ್ ಓಪನ್ ಗೆದ್ದರು. ಹೆಸರು ಮಾಡಿದ ಆಟಗಾರನಿಗೇ ತಳ ಬದಲಾಯಿಸಬೇಕು ಅನ್ನಿಸಿತು. ನಾವು ಮಾತ್ರ ಸ್ವಿಂಗನ್ನು (ಬೀಸುವ ರೀತಿಯನ್ನು) ಬೈಯುತ್ತಾ ಕೂರುತ್ತೇವೆ.

ಈಗ ನಮ್ಮ ನೆಲಕ್ಕೆ ಬರೋಣ. ಬಿಸಿಲ ನಾಡಿನ ಗಾಲ್ಫ್ ಕೋರ್ಸ್‌ಗಳಲ್ಲಿ ಹೆಚ್ಚಾಗಿ ಕಾಣುವ ಬರ್ಮುಡಾ ಹುಲ್ಲು ಬೇರೆ ಯಾವುದೂ ಅಲ್ಲ, ನಾವು ಗಣೇಶನಿಗೆ ಏರಿಸುವ ಗರಿಕೆಯ ಜಾತಿ. ಗರಿಕೆ ನೆಲಕ್ಕೆ ಅಂಟಿಕೊಂಡು ಬೆಳೆಯುತ್ತದೆ. ಗಿಡ್ಡ ಕತ್ತರಿಸಿದರೆ ಚೆಂಡು ನೆಲದ ಮೇಲೇ ಕೂತ ಹಾಗೆ ಇರುತ್ತದೆ. ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ, ನೀರು ಕಮ್ಮಿ ಬಿದ್ದ ಮೂಲೆಗಳಲ್ಲಿ, ನೆಲ ಸಿಮೆಂಟಿನ ಹಾಗೆ. ಅಲ್ಲಿ 14 ಡಿಗ್ರಿ ಬೌನ್ಸ್ ಇಟ್ಟರೆ ತಳ ಮೊದಲು ನೆಲಕ್ಕೆ ಬಡಿದು ಪುಟಿಯುತ್ತದೆ, ಅಂಚು ಚೆಂಡಿನ ಹೊಟ್ಟೆಗೆ ತಗಲುತ್ತದೆ. ಚೆಂಡು ಗ್ರೀನ್ ದಾಟಿ ಆ ಕಡೆಯ ಬಂಕರಿಗೆ. ಆಗಸ್ಟ್‌ನಲ್ಲಿ ಕೊಡಗಿನಲ್ಲೋ ಚಿಕ್ಕಮಗಳೂರಿನಲ್ಲೋ ಆಡಿದರೆ ಕತೆ ತಿರುಗುಮುರುಗು. ನೆನೆದ ಮಣ್ಣಿಗೆ ಕಡಿಮೆ ಬೌನ್ಸ್ ನೇರ ಹೂತುಹೋಗುತ್ತದೆ.

ಹಾಗಾದರೆ ಯಾವುದು? ನನ್ನ ಉತ್ತರ: ಸ್ಯಾಂಡ್ ವೆಡ್ಜ್‌ಗೆ 10ರಿಂದ 12, ಮಧ್ಯಮದಿಂದ ಸ್ವಲ್ಪ ಅಗಲವಾದ ತಳ. ಪಿಚಿಂಗ್ ವೆಡ್ಜ್ ಮತ್ತು ಸ್ಯಾಂಡ್ ವೆಡ್ಜ್ ನಡುವಿನ ಗ್ಯಾಪ್ ವೆಡ್ಜ್‌ಗೆ 8ರ ಆಸುಪಾಸು. ಗಟ್ಟಿ ನೆಲ ಸಿಕ್ಕಾಗ ಗ್ಯಾಪ್ ವೆಡ್ಜ್ ತೆಗೆಯಿರಿ, ಮರಳಿಗೆ ಸ್ಯಾಂಡ್ ವೆಡ್ಜ್. ಎರಡು ವೆಡ್ಜ್ ಇದ್ದಮೇಲೆ ಎರಡೂ ಒಂದೇ ತಳ ಯಾಕಿರಬೇಕು, ಅಲ್ವಾ? ಒಂದು ಸೌಟು, ಒಂದು ಸಟ್ಟುಗ.

ಒಂದು ಎಚ್ಚರಿಕೆ. ಅಂಗಡಿಯ ಮ್ಯಾಟ್ ಮೇಲೆ ತಳದ ಗುಣ ಗೊತ್ತಾಗುವುದೇ ಇಲ್ಲ. ಚೆಂಡಿನ ಹಿಂದೆ ಎರಡು ಇಂಚು ನೆಲಕ್ಕೆ ಹೊಡೆದರೂ ಮ್ಯಾಟ್ ಮೇಲೆ ವೆಡ್ಜ್ ಜಾರಿ ಹೋಗಿ ಚೆಂಡಿಗೆ ತಗಲುತ್ತದೆ. ಪರದೆಯಲ್ಲಿ ಚಂದದ ಅಂಕಿ ಬರುತ್ತದೆ. ಅದೇ ಹೊಡೆತ ಹುಲ್ಲಿನ ಮೇಲೆ ಹತ್ತು ಗಜ ಹೋಗಿ ಕೂರುತ್ತದೆ. ನಾನು ಹೀಗೇ ಮ್ಯಾಟ್ ನಂಬಿ ಒಂದು ಕೊಂಡು ಮೂರು ತಿಂಗಳಲ್ಲಿ ಅರ್ಧ ಬೆಲೆಗೆ ಮಾರಿದೆ.

"ಲೇಡೀಸ್" ಅಂದರೆ ಏನು ಕೊಡುತ್ತಿದ್ದಾರೆ?

ಬಹಳಷ್ಟು ಮಾದರಿಗಳಲ್ಲಿ ವೆಡ್ಜಿನ ತಲೆ ಗಂಡಸರದೇ. ಬದಲಾಗುವುದು ಶಾಫ್ಟ್ ಮತ್ತು ಗ್ರಿಪ್. ಸ್ಟೀಲ್ ಬದಲು ಹಗುರ ಗ್ರಾಫೈಟ್, ಉದ್ದ ಸಾಮಾನ್ಯವಾಗಿ ಒಂದು ಇಂಚು ಕಡಿಮೆ, ಗ್ರಿಪ್ ಸಣ್ಣ. ಕೆಲವೊಮ್ಮೆ ಮೇಲೊಂದು ನೇರಳೆ ಬಣ್ಣದ ಪಟ್ಟೆ. ಪಟ್ಟೆಗೆ ದುಡ್ಡು ಕೊಡಬೇಡಿ. ಉಳಿದ ಮೂರೂ ಮುಖ್ಯ.

ಉದ್ದದಿಂದ ಶುರು ಮಾಡೋಣ. ಗಂಡಸರ ವೆಡ್ಜ್ ಸುಮಾರು 35ರಿಂದ 35.5 ಇಂಚು ಇರುತ್ತದೆ. ಐದಡಿಯ ಹೆಂಗಸು ಅದನ್ನು ಹಿಡಿದರೆ ಕೈ ಮೇಲೇರುತ್ತದೆ, ವೆಡ್ಜಿನ ತುದಿ ಗಾಳಿಯಲ್ಲಿ ಏಳುತ್ತದೆ, ಹಿಮ್ಮಡಿ ಮಾತ್ರ ನೆಲಕ್ಕೆ. ಬಲಗೈ ಆಟಗಾರ್ತಿಯ ಚೆಂಡು ಎಡಕ್ಕೆ ಹೋಗುತ್ತದೆ. ಲಾಫ್ಟ್ ಜಾಸ್ತಿ ಇದ್ದಷ್ಟೂ ಈ ತಪ್ಪು ದೊಡ್ಡದಾಗಿ ಕಾಣುತ್ತದೆ. ಲಾಫ್ಟ್ ಕಡಿಮೆ ಇರುವ, ದೂರಕ್ಕೆ ಹೊಡೆಯುವ 5 ಐರನ್‌ನಲ್ಲಿ ಹೇಗೋ ಮುಚ್ಚಿಹೋಗುವ ದೋಷ 56 ಡಿಗ್ರಿಯಲ್ಲಿ ರಟ್ಟಾಗುತ್ತದೆ. ನೀವು ಐದಡಿ ಏಳಿಂಚು ಇದ್ದರೆ ಮಾತು ಬೇರೆ. ಆಗ ಗಂಡಸರ ಉದ್ದವೇ ಹೊಂದಬಹುದು. ಹೆಂಗಸರ ಗಿಡ್ಡ ಶಾಫ್ಟ್ ಮೇಲೆ ಬಗ್ಗಿ ಬಗ್ಗಿ ಸೊಂಟ ನೋಯಿಸಿಕೊಳ್ಳಬೇಡಿ.

ಪರೀಕ್ಷೆ ಸುಲಭ. ಚೆಂಡಿನ ಮೇಲೆ ವೈಟ್‌ಬೋರ್ಡ್ ಮಾರ್ಕರ್‌ನಿಂದ ನೆಟ್ಟಗೆ ಒಂದು ಗೆರೆ ಎಳೆಯಿರಿ. ಗೆರೆ ವೆಡ್ಜಿನ ಕಡೆಗಿರಲಿ. ಹೊಡೆದ ಮೇಲೆ ಗೆರೆ ವೆಡ್ಜಿನ ಮುಖಕ್ಕೆ ಅಂಟಿರುತ್ತದೆ. ನೆಟ್ಟಗಿದ್ದರೆ ಸರಿ. ವಾಲಿದ್ದರೆ ಉದ್ದವೋ ಲೈ ಕೋನವೋ (ಶಾಫ್ಟ್ ನೆಲದಿಂದ ಏಳುವ ಕೋನ) ನಿಮಗೆ ಹೊಂದಿಲ್ಲ.

ತೂಕ ಎರಡನೆಯದು. ಗಂಡಸರ ಸ್ಟೀಲ್ ವೆಡ್ಜ್ ಶಾಫ್ಟ್ 130 ಗ್ರಾಂ ಹತ್ತಿರ ಬರುತ್ತದೆ. ಹೆಂಗಸರ ಗ್ರಾಫೈಟ್ 50ರಿಂದ 60 ಗ್ರಾಂ. ಅರ್ಧಕ್ಕಿಂತ ಕಡಿಮೆ. ಮಣಿಕಟ್ಟು, ಮೊಣಕೈ ನೋವಿರುವವರಿಗೆ ಗ್ರಾಫೈಟ್ ಬಿಟ್ಟು ಬೇರೆ ಯೋಚನೆಯೇ ಬೇಡ. ಆದರೆ ತೀರಾ ಹಗುರವೂ ಒಳ್ಳೆಯದಲ್ಲ. ಅರ್ಧ ಸ್ವಿಂಗಿನಲ್ಲಿ ತಲೆ ಎಲ್ಲಿದೆ ಎಂದು ಕೈಗೆ ಗೊತ್ತಾಗಬೇಕು. ನಿಮ್ಮ ಐರನ್‌ಗಳ ಶಾಫ್ಟ್ ಎಷ್ಟಿದೆಯೋ ಅಷ್ಟೇ, ಅಥವಾ ಅದಕ್ಕಿಂತ ಹತ್ತು ಗ್ರಾಂ ಹೆಚ್ಚು. ಅದರಾಚೆ ಹೋಗಬೇಡಿ.

ಗಂಡನದನ್ನೇ ಕತ್ತರಿಸಿ ಗಿಡ್ಡ ಮಾಡಿಸಿದರೆ ಆಗಲ್ವಾ ಎಂದು ಎಲ್ಲರೂ ಕೇಳುತ್ತಾರೆ. ನಾನೂ ಮಾಡಿಸಿದ್ದೆ. ಅರ್ಧ ಇಂಚು ಕತ್ತರಿಸಿದರೆ ಸ್ವಿಂಗ್ ವೆಯ್ಟ್ (ಬೀಸುವಾಗ ತಲೆ ಎಷ್ಟು ಭಾರವೆನಿಸುತ್ತದೆ ಎಂಬ ಅಳತೆ) ಸುಮಾರು ಮೂರು ಅಂಕ ಇಳಿಯುತ್ತದೆ. ಒಂದು ಇಂಚಿಗೆ ಆರು. ತಲೆಯ ಭಾರದ ಅನುಭವ ಹೋಗಿಬಿಡುತ್ತದೆ, ಶಾಫ್ಟ್ ಮಾತ್ರ ಮೊದಲಿಗಿಂತ ಬಿರುಸಾಗಿ ಕೂರುತ್ತದೆ. ಅಳತೆ ಸರಿಯಾಯಿತು, ಕೋಲು ಕೆಟ್ಟಿತು.

ಗ್ರಿಪ್ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಕೈ ಸಣ್ಣದಿದ್ದರೆ ಸಣ್ಣ ಗ್ರಿಪ್. ಬದಲಾಯಿಸುವುದು ಹತ್ತು ನಿಮಿಷದ ಕೆಲಸ, ಖರ್ಚೂ ಕಡಿಮೆ. ಗ್ರಿಪ್ ನೋಡಿ ವೆಡ್ಜ್ ಬಿಡಬೇಡಿ.

ಎಷ್ಟು ಡಿಗ್ರಿ, ಎಷ್ಟು ವೆಡ್ಜ್?

ವೆಡ್ಜ್‌ಗಳಲ್ಲಿ ಲಾಫ್ಟ್ ಎಲ್ಲಕ್ಕಿಂತ ಕಡಿಮೆ ಇರುವ ಪಿಚಿಂಗ್ ವೆಡ್ಜ್ ಸೆಟ್ಟಿನ ಜೊತೆಗೇ ಬರುತ್ತದೆ. ಹಳೆಯ ಸೆಟ್‌ಗಳಲ್ಲಿ ಅದು 47–48 ಡಿಗ್ರಿ ಇರುತ್ತಿತ್ತು. ಈಗಿನ ಎಷ್ಟೋ ಸೆಟ್‌ಗಳಲ್ಲಿ 43–44ಕ್ಕೆ ಬಂದಿದೆ. ದೂರ ಹೋಗುತ್ತದೆ ಎಂದು ತೋರಿಸಲು ಮಾಡಿದ ಉಪಾಯ. ಹಾಗಾಗಿ ನಿಮ್ಮದು ಎಷ್ಟು ಅಂತ ಮೊದಲು ತಿಳಿದುಕೊಳ್ಳಿ. 44 ಇದ್ದು ಅದರ ಮೇಲೆ ನೇರವಾಗಿ 56 ಕೊಂಡರೆ ನಡುವೆ 12 ಡಿಗ್ರಿಯ ಕಂದಕ.

"ನಾಲ್ಕು ಡಿಗ್ರಿಗೊಂದು ವೆಡ್ಜ್" ಎಂಬ ಮಾತು ಎಲ್ಲೆಡೆ ಕೇಳುತ್ತೀರಿ. ಅದು ಜೋರಾಗಿ ಬೀಸುವವರ ಲೆಕ್ಕ. ಅವರಿಗೆ ನಾಲ್ಕು ಡಿಗ್ರಿಗೆ ಹನ್ನೆರಡು ಹದಿನೈದು ಗಜದ ವ್ಯತ್ಯಾಸ ಬರಬಹುದು. ನಿಧಾನವಾಗಿ ಬೀಸುವ ನಮಗೆ ಅಷ್ಟು ಬರುವುದಿಲ್ಲ. ನನ್ನ ಅಂಕಿ ಹೇಳುತ್ತೇನೆ: 44 ಡಿಗ್ರಿಯ ಪಿಚಿಂಗ್ ವೆಡ್ಜ್ 75 ಗಜ, 50 ಡಿಗ್ರಿ 65, 55 ಡಿಗ್ರಿ 54. ನಡುವೆ ಇನ್ನೊಂದು ತುರುಕಿದರೆ ಐದು ಗಜಕ್ಕೊಂದು ಕೋಲು. ಬ್ಯಾಗಿನಲ್ಲಿ ಒಟ್ಟು 14ಕ್ಕಿಂತ ಹೆಚ್ಚು ಇಡುವಂತಿಲ್ಲ. ಆ ಜಾಗಕ್ಕೆ ದೂರದ ಹೊಡೆತಕ್ಕೆ ಸುಲಭವಾದ ಒಂದು ಹೈಬ್ರಿಡ್ ಹಾಕಿಕೊಂಡರೆ ಹೆಚ್ಚು ಲಾಭ.

60 ಡಿಗ್ರಿ ಬಗ್ಗೆ ನನ್ನ ಮಾತು ಕಟುವಾಗಿದೆ ಅನ್ನಿಸಬಹುದು. ನಿಧಾನ ಸ್ವಿಂಗಿನಲ್ಲಿ 60 ಡಿಗ್ರಿ ಚೆಂಡನ್ನು ಮುಂದಕ್ಕೆ ಕಳಿಸುವುದಿಲ್ಲ, ಮೇಲಕ್ಕೆ ಕಳಿಸುತ್ತದೆ. ದಪ್ಪ ಹುಲ್ಲಿನಲ್ಲಿ ಚೆಂಡಿನ ಅಡಿಯಿಂದಲೇ ನುಸುಳಿಹೋಗುತ್ತದೆ, ಚೆಂಡು ಇದ್ದಲ್ಲೇ. ಬಂಕರಿನಲ್ಲಿ ಬೇಕಾದಷ್ಟು ದೂರಕ್ಕೆ ಬೀಸಲು ಮೈಯ ಶಕ್ತಿಯೆಲ್ಲ ಬೇಕು. 54–56ರಲ್ಲಿ ಮುಖ ಸ್ವಲ್ಪ ತೆರೆದರೆ ಅದೇ ಎತ್ತರ ಸಿಗುತ್ತದೆ, ಜೊತೆಗೆ ಬೌನ್ಸ್ ಕೂಡ ಹೆಚ್ಚಾಗುತ್ತದೆ. ವಾರಕ್ಕೆ ಮೂರು ದಿನ ಚಿಪ್ಪಿಂಗ್ (ಗ್ರೀನ್ ಪಕ್ಕದ ಸಣ್ಣ ಹೊಡೆತ) ಅಭ್ಯಾಸ ಮಾಡುವವರಿಗೆ ಈ ಮಾತು ಅನ್ವಯಿಸುವುದಿಲ್ಲ. ಉಳಿದವರಿಗೆ ಅನ್ವಯಿಸುತ್ತದೆ.

ಬಗೆಗಳನ್ನು ಅಕ್ಕಪಕ್ಕ ಇಟ್ಟರೆ

ಸೆಟ್ಟಿನ ಜೊತೆಗೇ ಬರುವ ಗ್ಯಾಪ್ ಮತ್ತು ಸ್ಯಾಂಡ್ ವೆಡ್ಜ್ ಮೊದಲನೆಯ ಬಗೆ. ಪಿಂಗ್‌ನ ಜಿ ಎಲ್‌ಇ ಸಾಲಿನಂಥ, ಹೆಂಗಸರಿಗಾಗಿಯೇ ಮಾಡಿದ ಸೆಟ್‌ಗಳಲ್ಲಿ ಇವು ಐರನ್‌ಗಳ ಹಾಗೆಯೇ ಕಾಣುತ್ತವೆ, ಶಾಫ್ಟ್ ಕೂಡ ಅದೇ. ಪೂರ್ತಿ ಸ್ವಿಂಗಿಗೆ ಇವಕ್ಕಿಂತ ನೆಮ್ಮದಿಯ ವೆಡ್ಜ್ ಇಲ್ಲ. ಗ್ಯಾಪ್ ವೆಡ್ಜ್ ಇದೇ ಬಗೆಯದು ಇರಲಿ ಎನ್ನುತ್ತೇನೆ, ಯಾಕೆಂದರೆ ಅದನ್ನು ನಾವು ಹೆಚ್ಚಾಗಿ ಪೂರ್ತಿ ಬೀಸುತ್ತೇವೆ. ಸ್ಯಾಂಡ್ ವೆಡ್ಜ್ ಮಾತ್ರ ಪ್ರತಿ ಸೆಟ್ಟಿನಲ್ಲೂ ಅಷ್ಟು ಚೆನ್ನಾಗಿರುವುದಿಲ್ಲ. ತಳ ನೋಡಿ ನಿರ್ಧರಿಸಿ.

ಎರಡನೆಯದು ಹಿಂಭಾಗ ಟೊಳ್ಳಿರುವ, ಬಿಡಿಯಾಗಿ ಸಿಗುವ ವೆಡ್ಜ್. ಕ್ಲೀವ್‌ಲ್ಯಾಂಡ್ ಸಿಬಿಎಕ್ಸ್ ಈ ಪೈಕಿ ಹೆಸರುವಾಸಿ, ಹೆಂಗಸರ ಗ್ರಾಫೈಟ್ ಶಾಫ್ಟ್‌ನಲ್ಲೂ ಸಿಗುತ್ತದೆ. ಕ್ಯಾಲವೇಯ ಸಿಬಿ ಕೂಡ ಇದೇ ಜಾತಿ. ನಿಮ್ಮ ಐರನ್‌ಗಳ ಹಿಂಭಾಗ ಟೊಳ್ಳಿದ್ದರೆ ಇವು ಕೈಗೆ ಹೊಸದೆನಿಸುವುದಿಲ್ಲ. ಮುಖದ ನಡುವಿಗೆ ತಗಲದಿದ್ದರೂ ಚೆಂಡು ತೀರಾ ಮೋಸ ಮಾಡುವುದಿಲ್ಲ. ನನ್ನ ಈಗಿನ ಸ್ಯಾಂಡ್ ವೆಡ್ಜ್ ಈ ಬಗೆಯದೇ. ಹ್ಯಾಂಡಿಕ್ಯಾಪ್ (ಪಾರ್‌ಗಿಂತ ಎಷ್ಟು ಹೊಡೆತ ಹೆಚ್ಚಾಗಬಹುದು ಎಂಬ ಅಂದಾಜು) 18ರಿಂದ 36ರವರೆಗೆ ಇರುವ ಗೆಳತಿ ಯಾರೇ ಕೇಳಿದರೂ ನಾನು ಮೊದಲು ತೋರಿಸುವುದು ಇದನ್ನೇ.

ಮೂರನೆಯದು ಟಿವಿಯಲ್ಲಿ ಕಾಣುವ ತೆಳು ಬ್ಲೇಡ್. ಟೈಟಲಿಸ್ಟ್ ವೋಕಿ ಎಂದರೆ ಸಾಕು, ಎಲ್ಲರಿಗೂ ಗೊತ್ತು. ಇದರ ಗುಣ ಏನೆಂದರೆ ಆಯ್ಕೆ. ಅದೇ 56 ಡಿಗ್ರಿಯಲ್ಲಿ 8, 10, 12, 14 ಬೌನ್ಸ್ ಇರುವ ಬೇರೆ ಬೇರೆ ತಳಗಳನ್ನು ಮಾಡಿದ್ದಾರೆ. ತಲೆಯ ಮೇಲೇ 56.10 ಎಂದು ಕೊರೆದಿರುತ್ತಾರೆ. ಮೊದಲನೆಯದು ಲಾಫ್ಟ್, ಚುಕ್ಕಿಯ ನಂತರದ್ದು ಬೌನ್ಸ್. ಡಿಗ್ರಿ ಒಂದೇ ಇದ್ದರೂ ವೆಡ್ಜ್ ಒಂದೇ ಅಲ್ಲ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ತೊಂದರೆ ಏನೆಂದರೆ ಅಂಗಡಿಯಲ್ಲಿ ಸಿಗುವುದು ಹೆಚ್ಚಾಗಿ ಸ್ಟೀಲ್ ಶಾಫ್ಟಿನದು. ಹಗುರ ಶಾಫ್ಟ್ ಬೇಕಾದರೆ ಹೇಳಿ ಮಾಡಿಸಬೇಕು, ಕಾಯಬೇಕು. ಸ್ಪರ್ಧೆಗೆ ಇಳಿಯುವ ಹುಡುಗಿಯರಿಗೆ, ಗ್ರೀನ್ ಸುತ್ತ ಮುಖ ತೆರೆದು ಮುಚ್ಚಿ ಆಟ ಆಡುವವರಿಗೆ ಇದು ಸರಿ. ಭಾನುವಾರದ ಆಟಕ್ಕೆ ಸುಮ್ನೆ ದುಬಾರಿ.

ನಾಲ್ಕನೆಯದನ್ನು ಕಂಡರೆ ಹಲವರು ಮೂಗು ಮುರಿಯುತ್ತಾರೆ. ತೀರಾ ಅಗಲ ತಳದ ವೆಡ್ಜ್. ಕ್ಲೀವ್‌ಲ್ಯಾಂಡ್‌ನ ಸ್ಮಾರ್ಟ್ ಸೋಲ್ ಸಾಲು, ಕ್ಯಾಲವೇಯ ಶ್ಯೂರ್ ಔಟ್. ಇಸ್ತ್ರಿಪೆಟ್ಟಿಗೆಯ ಹಾಗೆ ಕಾಣುತ್ತವೆ ಎಂದು ನನ್ನ ಮಗಳು ನಗುತ್ತಾಳೆ. ನಗಲಿ. ಬಂಕರ್ ಕಂಡರೆ ಎದೆ ನಡುಗುವವರಿಗೆ ಇದು ನಿಜವಾಗಿ ಉಪಕಾರ. ಮುಖ ತೆರೆಯಬೇಕಿಲ್ಲ. ಚೆಂಡಿನ ಹಿಂದೆ ಮರಳಿಗೆ ಹೊಡೆದು ಸ್ವಿಂಗ್ ನಿಲ್ಲಿಸದೆ ಮುಗಿಸಿದರೆ ಸಾಕು, ಹೊರಗೆ ಬರುತ್ತದೆ. ಮಳೆ ಬಿದ್ದು ಮರಳು ಗಟ್ಟಿಯಾದ ದಿನ ಮತ್ತು ಸವೆದ ನೆಲದ ಮೇಲೆ ಇದು ಪುಟಿಯುತ್ತದೆ. 60 ಗಜದಿಂದ ಎತ್ತಿ ಹಾಕುವ ಪಿಚ್ ಹೊಡೆತಕ್ಕೂ ಅಷ್ಟಕ್ಕಷ್ಟೆ. ಆದರೂ ಒಂದೇ ಸುತ್ತಿನಲ್ಲಿ ಬಂಕರಿನೊಳಗೆ ಹತ್ತು ಹೊಡೆತ ಕಳೆದುಕೊಳ್ಳುವವರು ನಾಚಿಕೆ ಬಿಟ್ಟು ಇದನ್ನು ತೆಗೆದುಕೊಳ್ಳಲಿ.

ಬಂಕರಿಗೆ ಇಳಿದಾಗ ಕಾಲು ಊರಿಕೊಳ್ಳುವುದಕ್ಕೆ ನಿಯಮದ ಅಡ್ಡಿಯಿಲ್ಲ. ಕೈಯಿಂದಲೋ ವೆಡ್ಜಿನಿಂದಲೋ ಮರಳನ್ನು ಪರೀಕ್ಷಿಸುವಂತಿಲ್ಲ. ಹಾಗಾಗಿ ಪಾದಕ್ಕೆ ಗೊತ್ತಾಗುವುದನ್ನು ಕೇಳಿಸಿಕೊಳ್ಳಿ. ಪಾದ ಹೂತರೆ ಅಗಲ ತಳ, ಹೂಳದಿದ್ದರೆ ಗ್ಯಾಪ್ ವೆಡ್ಜ್.

ಕೊನೆಯದು ಚಿಪ್ಪರ್. ಪಿಂಗ್‌ನ ಚಿಪ್‌ಆರ್‌ಗೆ 38.5 ಡಿಗ್ರಿ ಲಾಫ್ಟ್, ಪಟರ್‌ನ ಹಾಗೆ ಬೀಸುವುದು. ಸ್ಮಾರ್ಟ್ ಸೋಲ್‌ನ ಸಿ ಮಾದರಿ 42 ಡಿಗ್ರಿ, ಅದೂ ಇದೇ ಕೆಲಸಕ್ಕೆ. ಗ್ರೀನ್ ಅಂಚಿನಿಂದ ಚೆಂಡನ್ನು ಉರುಳಿಸಲು ಚೆನ್ನ. ಆದರೆ 8 ಐರನ್ ಗಿಡ್ಡ ಹಿಡಿದು ಪಟರ್‌ನಂತೆ ಬೀಸಿದರೂ ಹೆಚ್ಚುಕಡಿಮೆ ಅದೇ ಆಗುತ್ತದೆ. ಮೊದಲು ಒಂದು ತಿಂಗಳು ಹಾಗೆ ಮಾಡಿ ನೋಡಿ. ಇನ್ನೊಂದು ಮಾತು: ಎರಡೂ ಕಡೆ ಮುಖ ಇರುವ ಅಗ್ಗದ ಚಿಪ್ಪರ್‌ಗಳು ಆನ್‌ಲೈನ್‌ನಲ್ಲಿ ಸಿಗುತ್ತವೆ. ಅವು ನಿಯಮಕ್ಕೆ ಒಗ್ಗುವುದಿಲ್ಲ. ಎರಡು ಮುಖ ಪಟರ್‌ಗೆ ಮಾತ್ರ ಉಂಟು.

ಕೊಳ್ಳುವ ದಿನ

ಹೊಸಬರು ಸೆಟ್ಟಿನ ಪಿಚಿಂಗ್ ವೆಡ್ಜ್ ಜೊತೆ 54–56ರ ಒಂದು ಸ್ಯಾಂಡ್ ವೆಡ್ಜ್ ಇಟ್ಟುಕೊಂಡರೆ ಮೊದಲ ವರ್ಷಕ್ಕೆ ಬೇಕಾದಷ್ಟಾಯಿತು. ಗ್ಯಾಪ್ ವೆಡ್ಜ್ ಬೇಕು ಅಂತ ಆಟವೇ ಹೇಳುತ್ತದೆ. 65 ಗಜದಲ್ಲಿ ನಿಂತು ಏನು ತೆಗೆಯಲಿ ಎಂದು ಮೂರು ಸಲ ತಡವರಿಸಿದ ದಿನ ಕೊಳ್ಳಿ. ಎಡಗೈ ಆಟಗಾರ್ತಿಯರಿಗೆ ಲೇಡೀಸ್ ಮಾದರಿ ಸಿಗುವುದೇ ಅಪರೂಪ. ಅವರು ಗಂಡಸರ ಎಡಗೈ ತಲೆಗೆ ಹೆಂಗಸರ ಗ್ರಾಫೈಟ್ ಶಾಫ್ಟ್ ಹಾಕಿಸಿಕೊಳ್ಳುವುದು ಒಳ್ಳೆಯದು. ಹೀಗೆ ಮಾಡಿಸುವಾಗ ಬರೀ ಕತ್ತರಿಸಿ ಕೊಡಬೇಡಿ, ಸ್ವಿಂಗ್ ವೆಯ್ಟ್ ನೋಡಿ ಕೊಡಿ ಎಂದು ಮೊದಲೇ ಹೇಳಿ.

ಸೆಕೆಂಡ್ ಹ್ಯಾಂಡ್ ಆದರೂ ಅಡ್ಡಿಯಿಲ್ಲ. ಹೆಂಗಸರ ವೆಡ್ಜ್‌ಗಳು ಎಷ್ಟೋ ಸಲ ಬಳಸದೆಯೇ ಮಾರಾಟಕ್ಕೆ ಬರುತ್ತವೆ. ಮುಖದ ಗೀರುಗಳ ಮೇಲೆ ಉಗುರು ಅಡ್ಡ ಎಳೆಯಿರಿ. ಉಗುರು ಪ್ರತಿ ಗೀರಿಗೂ ತಡೆದರೆ ಇನ್ನೂ ಜೀವವಿದೆ. ನಡುವಿನಲ್ಲಿ ನುಣ್ಣಗೆ ಜಾರಿದರೆ ಬೇಡ. ತಳದ ಮುಂದಿನ ಅಂಚಿನಲ್ಲಿ ಕಲ್ಲು ಬಡಿದ ಹಲ್ಲುಗಳಿದ್ದರೂ ಬೇಡ.

ಕೊಳ್ಳುವ ಮೊದಲು ಒಂದು ಬೆಳಗ್ಗೆಗೆ ಎರವಲು ಕೇಳಿ. ಅಂಗಡಿಯವರು ಕೊಡದಿದ್ದರೆ ಅದೇ ಮಾದರಿ ಇರುವ ಗೆಳತಿ ಕೊಡುತ್ತಾಳೆ. ಮರಳಿನಿಂದ ಹತ್ತು ಚೆಂಡು, ಹುಲ್ಲು ಸವೆದ ಜಾಗದಿಂದ ಹತ್ತು, ಉದ್ದ ಹುಲ್ಲಿನಿಂದ ಹತ್ತು. ಯಾವುದು ಚೆನ್ನಾಗಿ ಹೋಯಿತು ಎಂದು ನೋಡಬೇಡಿ. ಎಷ್ಟು ಗ್ರೀನ್ ಮೇಲೆ ನಿಂತವು, ಅಷ್ಟನ್ನು ಮಾತ್ರ ಎಣಿಸಿ. ನನಗೆ ಹಳೆಯ 60 ಡಿಗ್ರಿಯಲ್ಲಿ ಮೂವತ್ತಕ್ಕೆ ಒಂಬತ್ತು ನಿಂತವು. ಈಗಿನದರಲ್ಲಿ ಇಪ್ಪತ್ತೊಂದು. ಸ್ವಿಂಗ್ ಅದೇ ಹಳೆಯದು.